ಸೊಂಡಿಲಿಲ್ಲದ ಆನೆ

ಜೆಪ್ಪು, ಮಂಗಳೂರು
ತಾ. 9-6-1944, ಶುಕ್ರವಾರ

ಪ್ರೀತಿಯ ತಮ್ಮ ಪೂವಪ್ಪನಿಗೆ ಅಕ್ಕ ವಾರಿಜಾಕ್ಷಿಯ ಆಶೀರ್ವಾದ.

ಕೆಟ್ಟ ಕನಸನ್ನು ಯಾರಿಗಾದರೂ ಹೇಳಿಬಿಟ್ಟರೆ ಅದರ ಫಲ ಹೋಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳಲ್ಲ, ಅದಕ್ಕೆ ನಿನ್ನ ಆರೋಗ್ಯ ಕೇಳುವ ಮೊದಲೇ ಇದನ್ನು ಬರೆಯುತ್ತೇನೆ, ಬೇಜಾರು ಮಾಡಬೇಡ. ಇವತ್ತು ಬೆಳಗಿನ ಜಾವ ಕಂಡದ್ದು. ನಾನು ಗೇರುಬೀಜದ ಕಾರ್ಖಾನೆಯ ಗೇಟಿನಲ್ಲಿ ನಿಂತಿದ್ದೇನೆ. ರೈಟರ್ ಹಾಜರಿಯ ನಂಬರು ಬಿಲ್ಲೆ ಕೊಡು ಅನ್ನುತ್ತಾನೆ. ಸೆರಗಿನ ಗಂಟು ಬಿಚ್ಚಿದರೆ ನನ್ನ ಬಿಲ್ಲೆ ಇಲ್ಲ, ಹಂಚಿನ ಕಾರ್ಖಾನೆಯ ಆನೆಯ ಬಿಲ್ಲೆ ಉಂಟು. ನೋಡುತ್ತಾ ಇದ್ದ ಹಾಗೆಯೇ ಆ ಆನೆಯ ಸೊಂಡಿಲು ಬೆಳೆದು ಬೆಳೆದು ನನ್ನ ಕೈಯನ್ನು ಸುತ್ತಿ ಹಿಡಿದು, ಬೀಜ ಹುರಿಯುವ ಬೆಂಕಿಯ ಕಡೆಗೆ ಎಳೆಯಿತು. ಎದ್ದು ನೀರು ಕುಡಿದೆ. ಕೈ ಈಗಲೂ ನೋಯುತ್ತಾ ಉಂಟು.

ನಿನ್ನ ಕೆಮ್ಮು ಹೇಗುಂಟು? ಹೋಟೆಲಿನ ಒಲೆಯ ಬುಡದಲ್ಲಿ ಬೆವರಿ ಹಾಗೆಯೇ ಗಾಳಿಗೆ ಹೋಗಬೇಡ, ಎದೆಗೆ ಹಿಡಿಯುತ್ತದೆ. ಒಳ್ಳೆಮೆಣಸಿನ ಕಷಾಯ ಮಾಡಿ ಕುಡಿ. ಹಡಗು ನಿಲ್ಲುವ ಆ ಗೋದಿಯ ಕಡೆಗೆ ಇನ್ನು ಹೋಗಲೇಬೇಡ, ಒಮ್ಮೆ ಉರಿದದ್ದು ಮತ್ತೆ ಉರಿಯುವುದಿಲ್ಲ ಎಂದು ಬರೆದುಕೊಟ್ಟವರು ಯಾರು? ಇಲ್ಲಿ ನಾವು ಇದ್ದೇವೆ. ರೇಶನಿನ ಅಕ್ಕಿಯಲ್ಲಿ ಅರ್ಧ ಕಲ್ಲು. ಈ ಕಾಗದ ನಿನ್ನ ಕೈಗೆ ಮುಟ್ಟುತ್ತದೋ ಇಲ್ಲವೋ ಎಂದು ಅದೊಂದು ಹೆದರಿಕೆ. ಯುದ್ಧ ಮುಗಿಯುವ ತನಕ ಸರಕಾರದವರು ಎಲ್ಲ ಕಾಗದ ಒಡೆದು ಓದುತ್ತಾರಂತೆ. ಓದಲಿ, ನಮ್ಮಲ್ಲಿ ಎಂತ ಉಂಟು ಮುಚ್ಚಿಡಲಿಕ್ಕೆ? ಹಾಗೆ ಬರೆದೆ, ಆದರೆ ಒಂದು ಉಂಟು.

ನಿನ್ನ ಕಾಗದ ಬಂತು. ಬರೆಯುವುದು ಹೇಗೋ ನಾನೇ ಬರೆಯುತ್ತೇನೆ, ನಿನ್ನ ಒತ್ತೊತ್ತಾದ ಅಕ್ಷರ ಮಾತ್ರ ನನಗೆ ಓದಲಿಕ್ಕೆ ಬರುವುದಿಲ್ಲ, ಗೊತ್ತುಂಟಲ್ಲ. ಮೂರನೆಯ ಕ್ಲಾಸಿನ ಅರ್ಧಕ್ಕೆ ನನ್ನನ್ನು ಶಾಲೆ ಬಿಡಿಸಿದ್ದು ನಿನ್ನನ್ನು ಎತ್ತಿಕೊಳ್ಳಲಿಕ್ಕೆ, ಆದ್ದರಿಂದ ತಪ್ಪು ನಿನ್ನದೇ. ನೆರೆಮನೆಯ ಎಸ್ತೆರ್‌ಬಾಯಿಯ ಮಗಳು ಗ್ಲ್ಯಾಡಿಸ್ ಯಾವಾಗಿನ ಹಾಗೆ ಬಂದು ಓದಿದಳು. ಗೋದಿಯ ಬೆಂಕಿಯಲ್ಲಿ ಸತ್ತವರ ಮೈಮೇಲೆ ಸಿಕ್ಕಿದ ಸಾಮಾನುಗಳನ್ನು ಆಸ್ಪತ್ರೆಯಲ್ಲಿ ಇಟ್ಟಿದ್ದರು, ಅದರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆಯ ಹಿತ್ತಾಳೆ ಬಿಲ್ಲೆ ಒಂದಿತ್ತು, ನಂಬರು ಕರಗಿ ಹೋಗಿದೆ, ಆನೆ ಕಾಣುತ್ತದೆ, ಯಾರ ಮೈಯಿಂದ ತೆಗೆದದ್ದೆಂದು ಅವರಿಗೂ ಗೊತ್ತಿಲ್ಲ, ಆದರೆ ನಮ್ಮ ಚೆನ್ನಪ್ಪ ಅಂಥದ್ದನ್ನು ಉಡಿದಾರದಲ್ಲಿ ಕಟ್ಟಿಕೊಂಡದ್ದನ್ನು ನಾನೇ ಕಂಡಿದ್ದೇನೆ, ಅಕ್ಕ, ಇನ್ನು ಕಾಯಬೇಡ, ಎಂದು ಬರೆದಿದ್ದಿ. ಗ್ಲ್ಯಾಡಿಸ್‌ಗೆ ಕೊನೆಯ ಎರಡು ಗೆರೆ ಓದಲಿಕ್ಕೆ ಆಗಲಿಲ್ಲ. ಅವಳ ತಾಯಿ ನನ್ನನ್ನು ಹಿಡಿದುಕೊಂಡು ಕೂತಳು. ಅವಳ ಮಗ ಬೊನಿಫಾಸ್ ನನ್ನ ಮಗ ಚೆನ್ನಪ್ಪನ ಜೊತೆಯಲ್ಲಿಯೇ ನೀನಿರುವ ಊರಿಗೆ ಹೋದವನು, ಒಂದೇ ಗೋದಿಯ ಕೆಲಸ, ಒಂದೇ ಕೋಣೆ. ಅವನದ್ದೂ ಎಂಟು ವಾರದಿಂದ ಸುದ್ದಿ ಇಲ್ಲ. ಆದರೆ ಅವನದ್ದೆಂದು ಯಾವುದೂ ಸಿಗಲಿಲ್ಲವಲ್ಲ, ಆದ್ದರಿಂದ ಅವಳಿಗೆ ಇನ್ನೂ ಆಸೆ ಉಂಟು. ಇಗರ್ಜಿಯಲ್ಲಿ ನನ್ನ ಮಗನ ಹೆಸರಿನಲ್ಲಿ ಮೊಂಬತ್ತಿ ಹಚ್ಚಿ ಬಂದಳು. ದಿನಾ ಗಂಜಿ ತರುತ್ತಾಳೆ. "ತಿನ್ನಿ ವಾರಿಜಕ್ಕ, ಹೊಟ್ಟೆ ಎಂತ ಪಾಪ ಮಾಡಿದೆ?" ಅನ್ನುತ್ತಾಳೆ. ತಮ್ಮ, ಅವಳ ಮುಖ ನೋಡಲಿಕ್ಕೆ ನನ್ನಿಂದ ಆಗುವುದಿಲ್ಲ. ಯಾಕೆಂದು ಧೈರ್ಯ ಬಂದರೆ ಕೊನೆಗೆ ಬರೆಯುತ್ತೇನೆ.

ಚೆನ್ನಪ್ಪನ ಬಿಸ್ಕೂಟಿನ ಡಬ್ಬಿ ನನ್ನ ಹತ್ತಿರವೇ ಉಂಟು. ನೀನು ಅದನ್ನು ಸರಿಯಾಗಿ ನೋಡಿದವನಲ್ಲ. ಮಾವ ಬೈಯುತ್ತಾರೆ ಎಂದು ಅವನೂ ನಿನಗೆ ತೋರಿಸುತ್ತಿರಲಿಲ್ಲ. ಬೇರೆಯವರ ಹಾಗೆ ಹಳೆಯ ನಾಣ್ಯ ಕೂಡಿಸುವುದಲ್ಲ ಅದು. ಒಂದು ನಾಣ್ಯಕ್ಕೆ ಒಂದು ಬಿಲ್ಲೆ ಹುಡುಕಬೇಕು, ಎರಡರಲ್ಲೂ ಒಂದೇ ಗುಣ ಇರಬೇಕು, ಆಗ ಎರಡನ್ನೂ ಒಂದೇ ಬಟ್ಟೆಯ ಚೀಲದಲ್ಲಿ ಹಾಕಿ ಹೊಲಿಯುವುದು. ಹೊಲಿಯುವ ಕೆಲಸ ನನ್ನದು. ಈಗಿನ ತೂತಿನ ಕಾಸಿಗೆ ಕಡವಿನ ದೋಣಿಯ ತೂತಿನ ಬಿಲ್ಲೆ ಜೋಡಿ, ಅದಕ್ಕೆ ಕಿವಿ ಚುಚ್ಚಿದವರು ಎಂದು ಹೆಸರು. ವಿಕ್ಟೋರಿಯಾ ರಾಣಿಯ ಸವೆದ ದುಡ್ಡಿಗೆ ನನ್ನ ಹಳೆಯ ಗೇರುಬೀಜದ ಬಿಲ್ಲೆ. "ಎಂತ ಮಾರಾಯ ಇದು, ರಾಣಿಗೂ ನನಗೂ ಎಂತ ಸಂಬಂಧ?" ಎಂದು ಕೇಳಿದ್ದಕ್ಕೆ, "ಇಬ್ಬರೂ ಗಂಡ ಸತ್ತ ಮೇಲೆ ಮನೆ ನಡೆಸಿದವರು ಅಲ್ವಾ ಅಮ್ಮ" ಅಂದ. ನಾನು ನಗಲಿಲ್ಲ. ತಿನ್ನಲಿಕ್ಕೆ ಇಲ್ಲದ ಮನೆಯಲ್ಲಿ ಬಿಲ್ಲೆಗೆ ಮದುವೆ ಮಾಡಿಸುತ್ತಿ ಎಂದು ಬೈದೆ. ಬೈದದ್ದು ಈಗ ನೆನಪಿಗೆ ಬರುತ್ತದೆ, ನಗದೆ ಇದ್ದದ್ದೂ ಬರುತ್ತದೆ.

ಅವನಿಗೆ ಎಲ್ಲಕ್ಕಿಂತ ಪ್ರೀತಿಯ ಜೋಡಿ ಹಂದಿ ಪಾವಲಿಯದ್ದು. ಈಗಿನ ರಾಜನ ಅಪ್ಪ ಪಟ್ಟಕ್ಕೆ ಬಂದಾಗ ಹೊಡೆಸಿದ ನಾಲ್ಕಾಣೆಯ ಪಾವಲಿ. ರಾಜನ ಎದೆಯ ಮೇಲೆ ಆನೆ ಉಂಟು, ಆದರೆ ಸೊಂಡಿಲು ಗಿಡ್ಡವಾಗಿ ಜನ ಅದನ್ನು ಹಂದಿ ಎಂದರಂತೆ, ಗಲಾಟೆಯಾಗಿ ಸರಕಾರ ಹಿಂದೆ ತೆಗೆದುಕೊಂಡಿತಂತೆ. ಅದಕ್ಕೆ ಜೋಡಿ ಹಂಚಿನ ಕಾರ್ಖಾನೆಯಲ್ಲಿ ಅವನಿಗೇ ಕೊಟ್ಟ ಬಿಲ್ಲೆ. ಅಚ್ಚು ಜಾರಿ ಅದರ ಆನೆಗೆ ಸೊಂಡಿಲೇ ಬಿದ್ದಿರಲಿಲ್ಲ. ಮುಖ ಇದ್ದಲ್ಲಿ ನುಣ್ಣಗೆ ಹಿತ್ತಾಳೆ. ರಾಜನಿಗೂ ತಪ್ಪುತ್ತದೆ, ಕಾರ್ಖಾನೆಗೂ ತಪ್ಪುತ್ತದೆ ಎಂದು ನಗುತ್ತಿದ್ದ. ಕೆಲಸ ಬಿಡುವಾಗ ಬಿಲ್ಲೆ ಹಿಂದೆ ಕೊಡಬೇಕು. ಕಳೆದುಹೋಯಿತೆಂದು ರೈಟರನಿಗೆ ಸುಳ್ಳು ಹೇಳಿ ಇಟ್ಟುಕೊಂಡ. ದೀಪಾವಳಿ ಕಳೆದು ಹೊರಟ ದಿನ ಆ ಚೀಲದ ಹೊಲಿಗೆ ಬಿಚ್ಚಿ, ಬಿಲ್ಲೆಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಪಾವಲಿಯನ್ನು ನನ್ನ ಕೈಯಲ್ಲಿ ಇಟ್ಟ. "ಜೋಡಿ ಒಡೆದವ ಕೂಡಿಸ್ಲಿಕ್ಕೆ ಬರ್ಲೇ ಬೇಕಲ್ಲ ಅಮ್ಮ" ಅಂದ. ಜೋಡಿ ಒಡೆಯಬೇಡ ಎಂದು ನಾನು ಹೇಳಬೇಕಿತ್ತು. ಬಾಯಿಗೆ ಬಂದಿತ್ತು. ಹೊರಡುವವನಿಗೆ ಅಪಶಕುನ ಎಂದು ನುಂಗಿದೆ.

ಕುಲಶೇಖರದಿಂದ ದುಗ್ಗಪ್ಪ ಮಾವ ಬಂದು ಚೆನ್ನಪ್ಪನ ಬೊಜ್ಜದ ಕ್ರಿಯೆಗೆ ದಿನ ಇಟ್ಟು ಹೋದರು, ಇದೇ ತಿಂಗಳು ಇಪ್ಪತ್ತೈದು, ಆದಿತ್ಯವಾರ. "ಸತ್ತವನನ್ನು ಎಷ್ಟು ದಿನ ಅಂಗಳದಲ್ಲಿ ನಿಲ್ಲಿಸ್ತೀ ಹೆಣ್ಣೇ, ಒಳಗೆ ಕರೀ" ಅಂದರು. ಆ ಪಾವಲಿಯನ್ನು ಅವತ್ತು ಹೊಳೆಗೆ ಬಿಡಬೇಕಂತೆ. ಹೂಂ ಅಂದಿದ್ದೇನೆ. ಎಲೆ ಹಾಕಿ ಬಡಿಸಿ, ಬಾ ಮಗ ಒಳಗೆ ಬಾ, ಹಿರಿಯರ ಜೊತೆ ಸೇರು ಎಂದು ಹೆಸರು ಹಿಡಿದು ಕರೆಯಬೇಕು. ಕರೆಯದಿದ್ದರೆ ಸತ್ತವನು ಹಸಿದು ಅಲೆಯುತ್ತಾನೆ. ಬದುಕಿದ್ದವನನ್ನು ಹಾಗೆ ಕರೆದರೆ ಎಂತ ಆಗುತ್ತದೆ ಎಂದು ಕೇಳಿದೆ. ಮಾವ ಸಿಟ್ಟಾದರು. ನನಗೆ ಮರುಳು ಹಿಡಿದಿದೆ ಎಂದು ಎಲ್ಲರಿಗೂ ಕಾಣುತ್ತದೆ. ಇಲ್ಲ ತಮ್ಮ, ಆಸೆ ನನಗೂ ಇಲ್ಲ. ಬದುಕಿದ್ದರೆ ಎಂಟು ವಾರ ತಾಯಿಗೆ ಒಂದು ಕಾರ್ಡು ಹಾಕದವನಲ್ಲ ಅವನು. ಅಷ್ಟು ನನಗೆ ತಿಳಿಯುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಹೊದೆದು ಮಲಗು. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ಹೇಳು. ಮನೆಯ ದೈವ ನಿನ್ನೊಬ್ಬನನ್ನಾದರೂ ನನಗೆ ಉಳಿಸಿಕೊಡಲಿ.

ಇಂತಿ ನಿನ್ನ ಅಕ್ಕ
ವಾರಿಜಾಕ್ಷಿ

ತಾಜಾಕಲಂ: ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ, ಇದಕ್ಕಾಗಿಯೇ ಕಾಗದ ಹಿಡಿದದ್ದು. ಟಪ್ಪಾಲು ಹೋಗುವ ಹೊತ್ತಾಯಿತು. ಅದೇ ಹಂಚಿನ ಕಾರ್ಖಾನೆಯ ಕೆಲಸ ಬಿಡುವಾಗ ಬೊನಿಫಾಸ್ ಕೂಡ ತನ್ನ ಬಿಲ್ಲೆ ಹಿಂದೆ ಕೊಡಲಿಲ್ಲ. ನಮ್ಮವನನ್ನು ನೋಡಿ ಅವನೂ ಅದೇ ಸುಳ್ಳು ಹೇಳಿದ. ಇಬ್ಬರಲ್ಲಿ ಅನ್ನ ಬೇಯಿಸುವವರು ಯಾರು ಎಂದು ಚಿಮ್ಮಿ ನೋಡಲಿಕ್ಕೆ ಬೇಕಂತೆ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಹೋದ. ಎಸ್ತೆರ್‌ಬಾಯಿಗೆ ಗೊತ್ತಿಲ್ಲ. ಕಾರ್ಖಾನೆಯ ಸೊತ್ತು ಕದ್ದಿ ಎಂದು ಪಾದ್ರಿಗಳ ಹತ್ತಿರ ಎಳೆದುಕೊಂಡು ಹೋಗುತ್ತಾಳೆ, ಹೇಳಬೇಡಿ ವಾರಿಜಮ್ಮ ಎಂದು ನನ್ನ ಕಾಲು ಹಿಡಿದಿದ್ದ. ನಾನು ಹೇಳಲಿಲ್ಲ, ಈಗ ಹೇಳುವುದು ಹೇಗೆ? ಅವನ ಬಿಲ್ಲೆಯ ಆನೆ ಸರಿಯಾದ ಆನೆ. ಬೆಂಕಿ ಸೊಂಡಿಲನ್ನು ತಿನ್ನಬಹುದು, ಇಲ್ಲದ ಸೊಂಡಿಲನ್ನು ಹುಟ್ಟಿಸಲಾರದು. ಸೊಂಡಿಲು ಇದ್ದರೆ ಆ ಬಿಲ್ಲೆ ನನ್ನ ಮಗನದ್ದಲ್ಲ, ಅವಳ ಮಗನದ್ದು, ಅವನಿಗೆ ಇಗರ್ಜಿಯಲ್ಲಿ ಪೂಜೆ ಇಲ್ಲ, ಗಂಟೆ ಇಲ್ಲ, ಅವನ ತಾಯಿ ನನಗೆ ಗಂಜಿ ಹೊರುತ್ತಾ ಇದ್ದಾಳೆ. ಇದ್ದರೂ ನನ್ನವನು ಬದುಕಿದ್ದಾನೆ ಎಂದಾಗುವುದಿಲ್ಲ, ಬಲ್ಲೆ. ಇರಲಿ ಎಂದು ಬೇಡಿಕೊಳ್ಳಲಿಕ್ಕೂ ನನಗೆ ಬಾಯಿ ಬರುವುದಿಲ್ಲ. ಉತ್ತರ ಗ್ಲ್ಯಾಡಿಸ್ ಓದುವ ಹಾಗೆ ಆಗಬಾರದು. ಕಾರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಉಂಟು ಎಂದೋ ಇಲ್ಲ ಎಂದೋ ಒಂದೇ ಶಬ್ದ ಬರೆ, ಅಷ್ಟು ನಾನೇ ಓದಿಕೊಳ್ಳುತ್ತೇನೆ. ಇಪ್ಪತ್ತೈದರ ಒಳಗೆ ಮುಟ್ಟಬೇಕು. ಬಿಲ್ಲೆಯನ್ನು ಆಸ್ಪತ್ರೆಯಿಂದ ತಂದು ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ ಎಂದು ಬರೆದಿದ್ದಿಯಲ್ಲ, ತೆಗೆದು ಹುಣಸೆಹುಳಿಯಲ್ಲಿ ಉಜ್ಜಿ ಹಗಲು ಬೆಳಕಿಗೆ ಹಿಡಿ, ದೀಪದಲ್ಲಿ ನೋಡಬೇಡ. ಆ ಆನೆಗೆ ಸೊಂಡಿಲು ಉಂಟಾ? ಇನ್ನೊಮ್ಮೆ ಸರಿಯಾಗಿ ನೋಡು, ತಮ್ಮ.