ಸಂಜೆ ಇಳಿಯುವ ಸಕ್ಕರೆ

ರೀ,

ಇನ್ಸುಲಿನ್ ಪೆನ್ನು ಮೇಜಿನ ಡ್ರಾಯರಿನಲ್ಲೇ ಇದೆ, ಮನೆಯೆಲ್ಲ ಜಾಲಾಡಬೇಡಿ. ಊಟಕ್ಕೆ ಮುಂಚೆ, ಡಾಕ್ಟರು ಫೋನಿಗೆ ಹಾಕಿಕೊಟ್ಟ ಆ್ಯಪ್ ಎಷ್ಟು ಹೇಳುತ್ತದೋ ಅಷ್ಟೇ ತೆಗೆದುಕೊಳ್ಳಿ. ನಿಮ್ಮ ಅಂದಾಜು ಬೇಡ.

ನನ್ನದೂ ಬೇಡ. ತೋಳಿನ ಸೆನ್ಸರ್ ಕಳಿಸುವ ಸಕ್ಕರೆ ಲೆಕ್ಕ ನೋಡಿ ನೋಡಿ ಆ ಆ್ಯಪ್ ನಿಮ್ಮನ್ನು ಕಲಿತಿದೆಯಂತೆ. "ಸಂಜೆ ಸಕ್ಕರೆ ಇಳಿಯುತ್ತದೆ, ಡೋಸ್ ಕಡಿಮೆ ಮಾಡಿ" ಎಂದು ದಿನಾ ಬಡಕೊಳ್ಳುತ್ತಿತ್ತು. ಸೋಫಾ ಬಿಟ್ಟು ಏಳದ ಮನುಷ್ಯನಿಗೆ ಸಕ್ಕರೆ ಹೇಗೆ ಇಳಿಯುತ್ತದೆ, ಕಂಪ್ಯೂಟರಿಗೆ ತಲೆ ಕೆಟ್ಟಿದೆ ಎಂದು ನಾನು ಡಾಕ್ಟರ ಹತ್ತಿರ ಜಗಳವಾಡಿದೆ. ನೀವು ಪಕ್ಕದಲ್ಲೇ ಕೂತು "ಹೌದೌದು" ಅಂದಿರಿ!

ನಿನ್ನೆ ಮೆಟ್ಟಿಲ ಮೇಲೆ ಕೆಳಮನೆಯ ಟೈಲರಮ್ಮ ಸಿಕ್ಕರು. "ನಿಮ್ಮ ಯಜಮಾನ್ರು ಏನ್ ಡ್ಯಾನ್ಸ್ ಮಾಡ್ತಾರ್ರೀ! ಸಂಜೆ ನೀವು ಡ್ಯೂಟಿಗೆ ಹೋಗಿದ್ದೇ ತಡ, ರೇಡಿಯೋ ಶುರು. ನಮ್ಮನೆ ಫ್ಯಾನೆಲ್ಲ ಅಲ್ಲಾಡುತ್ತೆ" ಅಂದರು.

ವಾಕಿಂಗ್ ಬನ್ನಿ ಅಂದರೆ ಮಂಡಿ ನೋವು. ಆ ನೋವು ಸಂಜೆ ಎಲ್ಲಿಗೆ ಹೋಗುತ್ತದೆ? ನಗು ತಡೆಯಲಾಗದೆ ಅಲ್ಲೇ ಕೂತುಬಿಟ್ಟೆ. ಆಮೇಲೆ ಹೊಳೆಯಿತು, ಸಂಜೆ ಸಕ್ಕರೆ ಇಳಿಯುತ್ತಿದ್ದದ್ದು ಈ ಕುಣಿತಕ್ಕೇ ಅಂತ. ನನ್ನ ಮಾತು ಕೇಳಿ ಡೋಸ್ ಕಡಿಮೆ ಮಾಡದೇ ಇದ್ದಿದ್ದರೆ ಸಕ್ಕರೆ ಕುಸಿದು ಕುಣಿಯುತ್ತಲೇ ಬಿದ್ದಿರುತ್ತಿದ್ದಿರಿ. ಹೆಂಡತಿಗೆ ಗೊತ್ತಾಗದ ನಿಮ್ಮ ಗುಟ್ಟು ಆ ಯಂತ್ರಕ್ಕೆ ಗೊತ್ತಾಯಿತಲ್ಲ ಅಂತ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಕುಣಿಯುವ ಮುಂಚೆ ಸಕ್ಕರೆ ನೋಡಿಕೊಳ್ಳಿ. ಗ್ಲೂಕೋಸ್ ಜೇಬಿನಲ್ಲಿರಲಿ. ಸೋಫಾವನ್ನು ಗೋಡೆಗೆ ಸರಿಸಿಡಿ, ಇಬ್ಬರಿಗೆ ಜಾಗ ಸಾಲುವುದಿಲ್ಲ. ಡ್ಯೂಟಿ ಬದಲಾಯಿಸಿಕೊಂಡಿದ್ದೇನೆ, ಇವತ್ತಿನಿಂದ ಸಂಜೆ ಮನೆಯಲ್ಲೇ ಇರುತ್ತೇನೆ.

ನಾನು ಬರುವ ತನಕ ರೇಡಿಯೋ ಮುಟ್ಟಿದರೆ ನೋಡಿ!