ಐದೂವರೆಯ ಕಾರ್ಡು

ಜುಲೈ ೧೨, ಭಾನುವಾರ

ಪ್ರೀತಿಯ ಮಗಳಿಗೆ,

ನಿನ್ನ ಅಮ್ಮನ ಆಶೀರ್ವಾದಗಳು. ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೋ, ಪರವಾಗಿಲ್ಲ. ಪೆನ್ನು ಹಿಡಿದು ಕೂತರೆ ಏನೂ ತೋಚುತ್ತಿರಲಿಲ್ಲ. ಅಳಿಯಂದಿರ ಕೆಮ್ಮು ಕಡಿಮೆಯಾಯಿತೇ?

ನಮ್ಮ ಕಾರ್ಖಾನೆಯ ಓವರ್‌ಟೈಮ್ ಜಗಳ ಕೊನೆಗೂ ಕಾರ್ಮಿಕ ಅಧಿಕಾರಿಯ ಮುಂದೆ ಹೋಯಿತು. ಈ ವಿಷಯ ನಿನಗೆ ನಾನು ಎಂದೂ ಹೇಳಿಲ್ಲ. ಸಂಜೆ ಐದೂವರೆಗೆ ನಮ್ಮ ಸೂಪರ್‌ವೈಸರ್ (ನಾವಿಟ್ಟ ಹೆಸರು ಸೀಟಿ) ಎಲ್ಲರ ಹಾಜರಿ ಕಾರ್ಡನ್ನೂ ತಾನೇ ಗಡಿಯಾರದ ಯಂತ್ರಕ್ಕೆ ತೂರಿಸುತ್ತಾನೆ. ಕಾಗದದ ಮೇಲೆ ನಾವು ಮನೆಗೆ ಹೋದ ಹಾಗೆ. ಆದರೆ ಎಂಟರವರೆಗೆ ಅಲ್ಲೇ ಕೂತು ಕಾಲರ್ ಹೊಲಿಯುತ್ತೇವೆ, ಬಿಟ್ಟಿ. ಹದಿನೆಂಟು ವರ್ಷದಿಂದ ಹೀಗೇ. ಹೊರಗೆ ಬಾಯಿಬಿಟ್ಟವರನ್ನು ಮರುದಿನ ಗೇಟಿನೊಳಗೆ ಬಿಡುವುದಿಲ್ಲ.

ವಿಚಾರಣೆಗೆ ಸೀಟಿ ಇಸ್ತ್ರಿ ಶರ್ಟು ತೊಟ್ಟು ಬಂದಿದ್ದ. ಕಾಲರು ನಾನೇ ಹೊಲಿದದ್ದಿರಬೇಕು, ನೆಟ್ಟಗೆ ನಿಂತಿತ್ತು. "ಸಾರ್, ಕಾರ್ಡ್ ನೋಡಿ. ಐದೂವರೆ ಮೇಲೆ ಒಂದು ನರಪಿಳ್ಳೆನೂ ಇರಲ್ಲ ಅಲ್ಲಿ" ಅಂದ. ಅಧಿಕಾರಿ ನಮ್ಮ ಕಡೆ ತಿರುಗಿ, "ಇದ್ರಿ ಅನ್ನೋದಕ್ಕೆ ಒಂದಾದ್ರೂ ದಿನ ತೋರಿಸ್ತೀರೇನಮ್ಮ? ತಾರೀಖು, ಸಾಕ್ಷಿ?" ಎಂದರು. ನನ್ನ ಜೊತೆ ಬಂದಿದ್ದ ಇಪ್ಪತ್ತೆರಡು ಹೆಂಗಸರೂ ನೆಲ ನೋಡಿದರು.

ನಾನು ಎದ್ದು ಒಂದು ತಾರೀಖು ಹೇಳಿದೆ. ಚಪ್ಪಲಿ ಅಂಗಡಿಯಲ್ಲಿ ಕಾಲಿನ ಅಳತೆ ಹೇಳಿದ ಹಾಗೆ ಹೇಳಿದೆ. "ಸಾಕ್ಷಿ?" ಎಂದರು. "ನನ್ನ ಮಗಳು" ಅಂದೆ. ಹೊರಗೆ ಬಂದ ಮೇಲೆ ಸೀಟಿ, "ನಾಳೆಯಿಂದ ಬರ್ಬೇಡ" ಅಂದ. "ಆಯ್ತಪ್ಪ" ಅಂದೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮನೆಗೆ ಬಂದು ಪಾತ್ರೆ ತೊಳೆದೆ.

ಕೇಳದೆ ನಿನ್ನ ಹೆಸರು ಕೊಟ್ಟೆ. ಮುಂದಿನ ವಿಚಾರಣೆ ಬರುವ ತಿಂಗಳು ಮೂರಕ್ಕೆ. ಬರುವುದು ಬಿಡುವುದು ನಿನ್ನಿಷ್ಟ, ನನಗೇನೂ ಬೇಸರವಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಇಬ್ಬರೂ ನೂರು ಕಾಲ ಚೆನ್ನಾಗಿರಿ.

ಇಂತಿ,
ನಿನ್ನ ಅಮ್ಮ

ಮತ್ತೆ ಬರೆದದ್ದು: ನಾನು ಹೇಳಿದ್ದು ನಿಮ್ಮಪ್ಪ ತೀರಿಕೊಂಡ ದಿನದ ತಾರೀಖು. ಅಪ್ಪನಿಗೆ ಎದೆನೋವು ಅಂತ ಆರು ಗಂಟೆಗೆ ನೀನು ಕಾರ್ಖಾನೆಯ ಗೇಟಿಗೆ ಫೋನ್ ಮಾಡಿದಾಗ ಗೇಟಿನವನು ಕಾರ್ಡು ನೋಡಿ, "ಅಮ್ಮ ಆಗ್ಲೇ ಹೊರಟ್ರಲ್ಲ ಪುಟ್ಟಿ" ಅಂದ. ಹನ್ನೊಂದು ವರ್ಷದವಳು ನೀನು, ಅಮ್ಮ ಈಗ ಬರುತ್ತಾಳೆ ಎಂದು ಯಾರನ್ನೂ ಕರೆಯದೆ ಎರಡೂವರೆ ಗಂಟೆ ಬಾಗಿಲಲ್ಲಿ ನಿಂತೆ. ಬಸ್ಸು ಕೆಟ್ಟಿತ್ತು ಅಂತ ನಾನು ಹೇಳಿದ್ದು ಸುಳ್ಳು. ಕೆಲಸ ಹೋಗುವ ಭಯಕ್ಕೆ ಹೇಳಿದೆ. ಬೇಗ ಯಾರನ್ನಾದರೂ ಕರೆಯಬೇಕಿತ್ತು ಅಂತ ಇವತ್ತಿಗೂ ನಿನ್ನನ್ನು ನೀನೇ ಬೈದುಕೊಳ್ಳುತ್ತೀಯಂತೆ, ಅಳಿಯಂದಿರು ಹೇಳಿದರು. ತಪ್ಪು ನಿನ್ನದಲ್ಲ ಮಗಳೇ. ನಾನು ಹೊರಟೇ ಇರಲಿಲ್ಲ. ಆ ಫೋನಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ.