ಬಲಗಾಲಿನ ಪೆಡಲ್

ಬಿಡದಿ
ಭಾನುವಾರ, ೧೮ ಆಗಸ್ಟ್ ೨೦೨೪

ಮುದ್ದಿನ ಮಗಳು ಸ್ಪಂದನಾಗೆ,

ಹೇಗಿದ್ದೀಯಮ್ಮ? ನೆಗಡಿ ಬಿಟ್ಟಿತೇ? ನಿನ್ನ ಫ್ಲೈಯಿಂಗ್ ಸ್ಕೂಲಿನ ಊರಿಗೆ ಅಮ್ಮ ಬಂದ ಮೇಲೆ ನಿನ್ನ ಊಟದ ಚಿಂತೆ ನನಗಿಲ್ಲ. ನಾನು ಚೆನ್ನಾಗಿದ್ದೇನೆ. ಬೆಳಗ್ಗೆ ಫ್ಯಾಕ್ಟರಿಗೆ ಹೋಗಿ ಹೊಸ ಕೆಲಸಗಾರರಿಗೆ ಸುರಕ್ಷತೆಯ ಪಾಠ ಹೇಳುತ್ತೇನೆ, ಸಂಜೆ ರೂಮಿಗೆ ಬಂದು ಒಬ್ಬನಿಗೆ ಆಗುವಷ್ಟು ಅನ್ನಕ್ಕಿಡುತ್ತೇನೆ. ಅಳತೆ ಇನ್ನೂ ಕೈಗೆ ಹತ್ತಿಲ್ಲ, ದಿನವೂ ಮಿಕ್ಕುತ್ತದೆ. ರಜೆಯ ದಿನ ಹಾಲಿನವನೊಡನೆ ಆಡುವ ಎರಡು ಮಾತು ಬಿಟ್ಟರೆ ಬಾಯಿ ತೆರೆಯುವ ಕೆಲಸವೇ ಇರುವುದಿಲ್ಲ.

ಹೋದ ವಾರ ನೀನು ಫೋನಿನಲ್ಲಿ ಅತ್ತೆ. ಟೇಕಾಫಿನಲ್ಲಿ ವಿಮಾನ ಎಡಕ್ಕೆ ಎಳೆದು ರನ್‌ವೇಯ ಅಂಚಿಗೆ ಹೋಯಿತೆಂದೆ. ನನ್ನ ಹೆಸರೆತ್ತಿ, ರೇಣುಕಾಪ್ರಸಾದ್ ಸಾರ್ ಮಗಳಿಗೆ ಬಲಗಾಲೇ ಇಲ್ಲವಾ ಎಂದು ನಿನ್ನ ಇನ್‌ಸ್ಟ್ರಕ್ಟರ್ ಎಲ್ಲರೆದುರು ಕೇಳಿದರಂತೆ. ಬಿಟ್ಟು ಬಂದುಬಿಡುತ್ತೇನೆ ಎಂದೆ. ನಾನು ಮಳೆಯ ಸುದ್ದಿ ಹೇಳಿ ಫೋನಿಟ್ಟೆ. ಫೋನಿನಲ್ಲಾದರೆ ಅರ್ಧಕ್ಕೇ ನಿಲ್ಲಿಸುತ್ತಿದ್ದೆ, ಅದಕ್ಕೇ ಈ ಕಾಗದ.

ದೊಡ್ಡಆಲಹಳ್ಳಿಯ ತೋಟದಲ್ಲಿ ಬೋಲ್ಟ್ ಬಿಗಿಯದ ಪಂಪ್‌ಸೆಟ್ಟಿಗೆ ಕರೆಂಟ್ ಕೊಟ್ಟಾಗ ಮೋಟಾರೇ ಪಕ್ಕಕ್ಕೆ ಹೊರಳಿದ್ದು ನೆನಪಿದೆಯಾ? ನಿನ್ನ ವಿಮಾನಕ್ಕೂ ಆಗುವುದು ಅದೇ. ಪ್ರೊಪೆಲ್ಲರ್ ಬಲಕ್ಕೆ ತಿರುಗಿದರೆ ಮೈ ಎಡಕ್ಕೆ ವಾಲಲು ನೋಡುತ್ತದೆ. ಅದು ಹಿಂದಕ್ಕೆಸೆದ ಗಾಳಿ ಬಾಲಕ್ಕೆ ಬಡಿದು ಮೂತಿಯನ್ನೂ ಎಡಕ್ಕೇ ತಿರುಗಿಸುತ್ತದೆ. ವೇಗ ಕಡಿಮೆ, ಎಂಜಿನ್ ಜೋರು ಇರುವಾಗ ಈ ಎಳೆತ ಹೆಚ್ಚು. ಎಂಜಿನ್ ಜೋರು ಮಾಡಲು ಥ್ರಾಟಲ್ ಮುಂದೆ ಹೋಗುತ್ತಿದ್ದಂತೆ, ಮೂತಿ ನೇರ ಉಳಿಯಲು, ಬಲ ಪೆಡಲಿನ ಮೇಲಿನ ಕಾಲೂ ಅದರ ಜೊತೆಗೇ ಹೋಗಬೇಕು, ಮೆತ್ತಗೆ. ಇದು ಎಲ್ಲರಿಗೂ ನಿಧಾನವಾಗಿಯೇ ಬರುವುದು. ಬರುವವರೆಗೆ ಪಕ್ಕದ ಸೀಟಿನಲ್ಲಿ ಕೂತು ಕಲಿಸುವವನ ಕಾಲು ತನ್ನ ಕಡೆಯ ಪೆಡಲಿನ ಮೇಲಿರಬೇಕು.

ಒಮ್ಮೆ ನನ್ನ ಕಾಲು ಅಲ್ಲಿರಲಿಲ್ಲ.

ಹದಿನಾಲ್ಕು ವರ್ಷದ ಹಿಂದೆ, ನಾನು ನೀನಿರುವ ಅದೇ ಸ್ಕೂಲಿನಲ್ಲಿ ಕಲಿಸುತ್ತಿದ್ದಾಗ, ಸಾಬೀರ್ ಎಂಬ ಹುಡುಗನಿದ್ದ. ರಾಮನಗರದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರ್ ಒಬ್ಬರ ಮಗ, ಹತ್ತೊಂಬತ್ತು ವರ್ಷ. ಮುಂದಿನ ವಾರ ಒಬ್ಬನೇ ಹಾರಬೇಕಿತ್ತು. ಆವತ್ತು ಇಳಿಸುವಾಗ ವಿಮಾನ ನೆಲಕ್ಕೆ ತಾಗಿ ಮೇಲಕ್ಕೆ ಪುಟಿಯಿತು. ನಾನು ಕಾಲು ಹಿಂದಕ್ಕೆಳೆದುಕೊಂಡು, ಮಂಡಿಯ ಮೇಲಿನ ಪ್ಯಾಡಿನಲ್ಲಿ ಅವನ ತಪ್ಪುಗಳನ್ನು ಬರೆಯುತ್ತಿದ್ದೆ. ಗಾಬರಿಯಲ್ಲಿ, ಮತ್ತೆ ಮೇಲೇರಿಸಲು, ನಾನೇ ಥ್ರಾಟಲ್ ಪೂರ್ತಿ ತಳ್ಳಿದೆ. ಮೂತಿ ಎಡಕ್ಕೆ ತಿರುಗಿತು. ಅವನು ಕೈಯಲ್ಲಿದ್ದ ಯೋಕಿನ ಚಕ್ರವನ್ನು ಬಲಕ್ಕೆ ತಿರುಗಿಸಿದ. ಅಷ್ಟು ಕಡಿಮೆ ವೇಗದಲ್ಲಿ ಅದರಿಂದ ಎಡರೆಕ್ಕೆ ಇನ್ನಷ್ಟು ಕುಸಿಯಿತು. ಹುಲ್ಲಿಗೆ ತಾಗಿ ಗಿರ್ರನೆ ತಿರುಗಿ ನಿಂತೆವು. ಅವನ ಬಲ ಮೊಣಕೈ ಮುರಿದಿತ್ತು, ನನಗೆ ಗೀರೂ ಆಗಿರಲಿಲ್ಲ. ಬಲ ಪೆಡಲ್ ಒತ್ತು ಎಂದು ಹೇಳಿದರೂ ವಿದ್ಯಾರ್ಥಿ ಒತ್ತಲಿಲ್ಲ ಎಂದು ವರದಿ ಬರೆದೆ. ನಾನು ಏನನ್ನೂ ಹೇಳಿರಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಅವನು ನನ್ನ ಮಾತು ನಂಬಿ ಎಡಗೈಯಲ್ಲಿ ಅದಕ್ಕೆ ಸಹಿ ಹಾಕಿದ. ಮತ್ತೆ ಸ್ಕೂಲಿಗೆ ಬರಲಿಲ್ಲ. ಎರಡು ವರ್ಷದ ಮೇಲೆ ನಾನೂ ಬಿಟ್ಟೆ. ಕಿವಿ ಸರಿಯಿಲ್ಲ ಎಂದು ನಿಮಗೆ ಹೇಳಿದ್ದು ಸುಳ್ಳು.

ನಿನ್ನೆ ರಾಮನಗರಕ್ಕೆ ಹೋಗಿದ್ದೆ. ಅಪ್ಪನ ರೀಲಿಂಗ್ ಘಟಕವನ್ನು ಈಗ ಸಾಬೀರನೇ ನಡೆಸುತ್ತಾನೆ. ಬಿಸಿನೀರಿನ ಆವಿಯ ನಡುವೆಯೇ ಗುರುತು ಹಿಡಿದ. "ಸಾರ್, ನೀವಾ? ಬನ್ನಿ, ಒಸಿ ಕೂತ್ಕಳಿ," ಎಂದು ಸ್ಟೂಲ್ ಒರೆಸಿಕೊಟ್ಟ. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಅವನು ಮೆಷಿನ್ ಆಫ್ ಮಾಡಿದ.

"ಇಷ್ಟ್ ವರ್ಸ ನನ್ ಕಾಲೇ ಸರಿಗಿಲ್ಲ ಅಂದ್ಕಂಡಿದ್ದೆ ಸಾರ್. ಕಾರೂ ಕಲೀಲಿಲ್ಲ. ಹೆಂಡ್ತಿ ಮಕ್ಳನ್ನ ಕೂರುಸ್ಕಂಡು ಏನಾದ್ರೂ ಆಗೋದ್ರೆ ಅಂತ."

ಕ್ಷಮಿಸು ಎಂದೆ. "ಅದೊಂದು ಕೇಳ್ಬ್ಯಾಡಿ ಸಾರ್, ಕೊಡಕ್ಕಾಗಲ್ಲ," ಎಂದ. ನಾನು ಮತ್ತೆ ಕೇಳಲಿಲ್ಲ.

ಅಲ್ಲಿಂದ ನೇರ ಪೋಸ್ಟಾಫೀಸಿಗೆ ಹೋಗಿ, ಆ ವರದಿ ಸುಳ್ಳೆಂದು ಬರೆದದ್ದನ್ನು ನಿನ್ನ ಸ್ಕೂಲಿಗೂ ವಿಮಾನಯಾನ ಇಲಾಖೆಗೂ ರಿಜಿಸ್ಟರ್ ಪೋಸ್ಟ್ ಮಾಡಿದೆ. ಅಲ್ಲಿ ಇನ್ನು ನನ್ನ ಹೆಸರಿಗೆ ಮರ್ಯಾದೆ ಇರುವುದಿಲ್ಲ, ನಿನ್ನನ್ನೂ ಒಂದೆರಡು ಮಾತು ಅಂದಾರು. ನನ್ನ ಮೇಲೆ ಸಿಟ್ಟು ಮಾಡಿಕೋ, ಹಾರುವುದನ್ನು ಮಾತ್ರ ಬಿಡಬೇಡ. ಅಮ್ಮನಿಗೆ ಈ ಕಾಗದವನ್ನು ನೀನೇ ಓದಿ ಹೇಳು, ನನಗೆ ಧೈರ್ಯವಿಲ್ಲ.

ಒಳ್ಳೆಯದಾಗಲಿ ಕಂದಾ.

ನಿನ್ನ ಅಪ್ಪ,
ರೇಣುಕಾಪ್ರಸಾದ್

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಇದೊಂದು. ಹೊರಡುವಾಗ ಸಾಬೀರ್ ಗೇಟಿನವರೆಗೆ ಬಂದು ನಿನ್ನ ವಿಷಯ ಕೇಳಿದ. "ನಿಮ್ ಮಗ್ಳು ಒಬ್ಳೇ ಹಾರುಸ್ದ ದಿನ ನಂಗೊಂದ್ ಫೋನ್ ಮಾಡಕ್ಕೇಳಿ. ಪಕ್ಕದ್ ಸೀಟು ಖಾಲಿ ಇದ್ರೆ ಹೆಂಗಿರ್ತದೆ ಅಂತ ಕೇಳ್ಬೇಕು," ಎಂದ. ಅವನ ನಂಬರ್ ಹಾಳೆಯ ಹಿಂಬದಿಯಲ್ಲಿದೆ. ಆವತ್ತು ಮೊದಲು ಅವನಿಗೆ ಮಾಡು. ನಾನು ಕಾಯುತ್ತೇನೆ.